ಅರಗು, ಕಾಗೆಬಂಗಾರ ಮತ್ತು ಹಸಿರು ಹಲಗೆ

ಟ್ರಾನ್ಸಿಸ್ಟರನ್ನು ಕಂಡುಹಿಡಿದ ಮೂವರಿಗೆ 1956ರಲ್ಲಿ ನೊಬೆಲ್ ಬಂತು. ಐಸಿ ಅಥವಾ ಚಿಪ್ ಎಂದು ನಾವು ಕರೆಯುವ ವಸ್ತುವಿಗಾಗಿ ಜ್ಯಾಕ್ ಕಿಲ್ಬಿಗೆ 2000ನೇ ಇಸವಿಯಲ್ಲಿ ಬಂತು. ಇವೆರಡನ್ನೂ ಬೆನ್ನ ಮೇಲೆ ಹೊತ್ತುಕೊಂಡಿರುವ ಹಲಗೆಯ ಹೆಸರನ್ನು ಮಾತ್ರ ಯಾರೂ ಎತ್ತಲಿಲ್ಲ. ನಾಟಕಕ್ಕೆ ಹೋದವರು ಪಾತ್ರಧಾರಿಗಳನ್ನು ನೋಡುತ್ತಾರೆ, ರಂಗದ ಹಲಗೆಯನ್ನು ನೋಡುವುದಿಲ್ಲ. ಅದು ಮುರಿದಾಗಲೇ ಅದು ಇದ್ದದ್ದು ಗೊತ್ತಾಗುವುದು. ಎಲೆಕ್ಟ್ರಾನಿಕ್ಸಿನ ಇತಿಹಾಸದಲ್ಲಿ ಪಿಸಿಬಿಯ, ಅಂದರೆ ಪ್ರಿಂಟೆಡ್ ಸರ್ಕ್ಯೂಟ್ ಬೋರ್ಡಿನ ಪಾಡೂ ಇಷ್ಟೇ. ನನಗಾದರೋ ಚಿಪ್ಪಿನ ಕತೆಗಿಂತ ಈ ಹಲಗೆಯ ಕತೆಯೇ ಹೆಚ್ಚು ಹತ್ತಿರದ್ದು ಅನ್ನಿಸುತ್ತದೆ. ಅದರ ಮೊದಲ ಅಧ್ಯಾಯದಲ್ಲಿ ನಮ್ಮ ಕಾಡಿನ ಒಂದು ಹುಳುವಿದೆ, ನಮ್ಮ ನೆಲದ ಒಂದು ಕಲ್ಲಿದೆ. ಕೊನೆಯ ಅಧ್ಯಾಯವೂ ಈಗ ನಮ್ಮ ಊರುಗಳ ಸಂದಿಗಳಲ್ಲೇ ನಡೆಯುತ್ತಿದೆ.

ಹಲಗೆ ಎಂದರೇನು ಎಂದು ಮೊದಲು ನೋಡೋಣ. ಹಳೆಯ ಟೀವಿ ರಿಮೋಟೊಂದನ್ನು ಬಿಚ್ಚಿದರೆ ಒಳಗೆ ಕಂದು ಬಣ್ಣದ, ಗಟ್ಟಿ ರಟ್ಟಿನಂಥ ಹಲಗೆ ಸಿಗುತ್ತದೆ. ಕಂಪ್ಯೂಟರಿನ ಒಳಗಿರುವುದು ಹಸಿರು ಹಲಗೆ. ಎಲ್‌ಇಡಿ ಬಲ್ಬಿನ ಟೊಪ್ಪಿಗೆ ತೆಗೆದರೆ ಬಿಳಿ ಬಣ್ಣ ಬಳಿದ, ದುಂಡನೆಯ ಅಲ್ಯುಮಿನಿಯಂ ಬಿಲ್ಲೆ. ನೋಟ ಬೇರೆಬೇರೆಯಾದರೂ ಕಂದು, ಹಸಿರು ಹಲಗೆಗಳ ರಚನೆ ಒಂದೇ: ಬಲ ಕೊಡಲು ಒಂದು ನಾರು, ಅದನ್ನು ಹಿಡಿದಿಡಲು ಒಂದು ಅಂಟು, ಮೇಲೆ ತೆಳ್ಳನೆಯ ತಾಮ್ರದ ಹಾಳೆ. ನಾರು ಕಾಗದವಾಗಿರಬಹುದು, ಗಾಜಿನ ಬಟ್ಟೆಯಾಗಿರಬಹುದು. ಅಂಟಿನಲ್ಲಿ ನೆನೆಸಿದ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿ, ಬಿಸಿ ಮಾಡಿ, ಭಾರಿ ಒತ್ತಡದಲ್ಲಿ ಅದುಮಿದರೆ ಅದು ಲ್ಯಾಮಿನೇಟ್. ಆಮೇಲೆ ಬೇಡವಾದ ತಾಮ್ರವನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದರೆ ಉಳಿಯುವ ಗೆರೆಗಳೇ ತಂತಿಗಳು. ಹಸಿರು ಎಂಬುದು ಮೇಲೆ ಬಳಿದ ರಕ್ಷಣೆಯ ಬಣ್ಣ ಅಷ್ಟೆ. ಕೆರೆದು ನೋಡಿದರೆ ಒಳಗಿನ ಹಲಗೆ ತೆಳು ಹಳದಿಗೆ ತಿರುಗಿದ, ಬೆಳಕು ಸ್ವಲ್ಪ ತೂರುವ ವಸ್ತು.

ನಾನು ಡಿಪ್ಲೊಮಾ ಓದುವಾಗ ಪ್ರಾಜೆಕ್ಟಿಗೆ ಬೋರ್ಡು ತರಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುತ್ತಿದ್ದೆವು. ಅಂಗಡಿಯವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಹೈಲಂ ಕೊಡ್ಲಾ, ಗ್ಲಾಸ್ ಕೊಡ್ಲಾ?" ಹೈಲಂ ಎಂದರೆ ಕಂದು ಹಲಗೆ, ಅಗ್ಗ. ಗ್ಲಾಸ್ ಎಂದರೆ ಗಾಜಿನ ಬಟ್ಟೆಯದು, ತುಟ್ಟಿ. ನಮ್ಮ ಜೇಬಿಗೆ ಹೈಲಮ್ಮೇ ಸರಿ. ಅದಕ್ಕೆ ರಂಧ್ರ ಕೊರೆಯುವಾಗ ಆಸ್ಪತ್ರೆಯ ಫಿನಾಯಿಲಿನಂಥ ವಾಸನೆ ಏಳುತ್ತಿತ್ತು. ಗಾಜಿನ ಹಲಗೆ ಕೊರೆದರೆ ವಾಸನೆಯ ಬದಲು ಮುಂಗೈಯೆಲ್ಲ ನವೆ. ಹೈಲಂ ಎನ್ನುವುದು ಹೈದರಾಬಾದಿನ ಕಂಪನಿಯೊಂದರ ಬ್ರಾಂಡಿನ ಹೆಸರು ಎಂಬುದಾಗಲಿ, ಆ ವಾಸನೆ ಫೀನಾಲ್ ಎಂಬ ರಾಸಾಯನಿಕದ್ದು ಎಂಬುದಾಗಲಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ವಾಸನೆಯ ಜಾಡು ಹಿಡಿದು ಹಿಂದೆ ಹೋದರೆ ಸಿಗುವುದು ಅರಗು.

ಅರಗು ನಮಗೆ ಹೊಸದಲ್ಲ. ಅಂಚೆಯ ಮೊಹರು, ಬಳೆ, ಚನ್ನಪಟ್ಟಣದ ಬೊಂಬೆ ಎಲ್ಲಕ್ಕೂ ಅದು ಬೇಕು. ಮುತ್ತುಗ, ಎಲಚಿಯಂಥ ಮರಗಳ ಎಳೆ ಕೊಂಬೆಗೆ ಸಾಲುಗಟ್ಟಿ ಅಂಟಿಕೊಳ್ಳುವ ಪುಟ್ಟ ಹುಳುಗಳು ರಸ ಹೀರಿ, ಮೈಯಿಂದ ರಾಳ ಸುರಿಸಿ, ಅದರೊಳಗೇ ಬದುಕುತ್ತವೆ. ಆ ರಾಳವನ್ನು ಕೆರೆದು, ತೊಳೆದು, ಕರಗಿಸಿ, ಸೋಸಿ ತೆಳು ಹಾಳೆಯಾಗಿ ಎಳೆದರೆ ಶೆಲ್ಯಾಕ್. ಇದರ ದೊಡ್ಡ ಪಾಲು ಬರುತ್ತಿದ್ದದ್ದು ಛೋಟಾನಾಗಪುರದ ಕಾಡುಗಳಿಂದ. ಮೈಸೂರು ಸೀಮೆಯಲ್ಲಿ ಜಾಲಾರಿ ಮರದ ಮೇಲೆ ಅರಗು ಬೆಳೆಯುತ್ತಿತ್ತು. 1920ರ ದಶಕದಲ್ಲಿ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಈ ಹುಳುವಿನ ಬಗ್ಗೆ ಸಂಶೋಧನೆಯೂ ನಡೆದಿತ್ತು.

ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವರ ಕೈಯನ್ನು ನೋಡಿದವರಿಗೆ ಅರಗಿನ ಸ್ವಭಾವ ಗೊತ್ತು. ಗಿರಗಿರನೆ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಬಿಸಿಗೇ ಅದು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ, ತಣಿದಾಗ ಗಟ್ಟಿಯಾಗುತ್ತದೆ. ಮತ್ತೆ ಬಿಸಿ ಮಾಡಿದರೆ ಮತ್ತೆ ಕರಗುತ್ತದೆ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ವಿದ್ಯುತ್ ಬಂದಾಗ ಈ ರಾಳಕ್ಕೆ ಹೊಸ ಕೆಲಸ ಸಿಕ್ಕಿತು. ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಹಾಗಾಗಿ ಮೋಟಾರಿನ ಸುರುಳಿಗಳಿಗೆ, ತಂತಿಗಳಿಗೆ ಶೆಲ್ಯಾಕ್ ವಾರ್ನಿಶ್ ಬಳಿಯತೊಡಗಿದರು. ಇತ್ತ ಗ್ರಾಮಫೋನ್ ತಟ್ಟೆಗಳಿಗೂ ಶೆಲ್ಯಾಕೇ ಬೇಕು. ಬೇಡಿಕೆ ಏರಿತು, ಬೆಲೆಯೂ ಏರಿತು. ಹುಳುಗಳು ಮಾತ್ರ ತಮ್ಮ ಪಾಡಿಗೆ ತಾವು ತಮ್ಮ ವೇಗದಲ್ಲೇ ಇದ್ದವು.

ಈ ಏರಿದ ಬೆಲೆಯ ಮೇಲೆ ಕಣ್ಣಿಟ್ಟವನು ಲಿಯೋ ಬೇಕಲಂಡ್. ಬೆಲ್ಜಿಯಂನ ಘೆಂಟ್ ನಗರದಲ್ಲಿ 1863ರಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ನೆಲೆಸಿದ ರಸಾಯನಶಾಸ್ತ್ರಜ್ಞ. ವೆಲಾಕ್ಸ್ ಎಂಬ ಫೋಟೊ ಕಾಗದವನ್ನು ಕಂಡುಹಿಡಿದು, ಅದರ ಹಕ್ಕನ್ನು 1899ರಲ್ಲಿ ಕೊಡಾಕ್‌ನ ಜಾರ್ಜ್ ಈಸ್ಟ್‌ಮನ್‌ಗೆ ಮಾರಿ ಸಿರಿವಂತನಾಗಿದ್ದ. ನ್ಯೂಯಾರ್ಕ್ ಬಳಿಯ ಯಾಂಕರ್ಸ್‌ನಲ್ಲಿ ಮನೆಯ ಪಕ್ಕದಲ್ಲೇ ಪ್ರಯೋಗಶಾಲೆ ಕಟ್ಟಿಕೊಂಡು ಶೆಲ್ಯಾಕಿಗೆ ಬದಲಿ ಹುಡುಕತೊಡಗಿದ. ಫೀನಾಲ್ ಮತ್ತು ಫಾರ್ಮಾಲ್ಡಿಹೈಡ್ ಬೆರೆತರೆ ಪಾತ್ರೆಗೆ ಕಚ್ಚಿಕೊಳ್ಳುವ ಒಂದು ಅಂಟು ಗಷ್ಟ ಉಳಿಯುತ್ತದೆ ಎಂದು ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1872ರಲ್ಲೇ ಕಂಡಿದ್ದ. ಉಳಿದವರು ಅದನ್ನು ಕೆರೆದು ಎಸೆಯುವ ಕಸವೆಂದು ಬಿಟ್ಟಿದ್ದರು. ಬೇಕಲಂಡ್ ಆ ಕಸವನ್ನೇ ಹಿಡಿದು, ಬಿಸಿ ಮತ್ತು ಒತ್ತಡ ಎರಡನ್ನೂ ಒಟ್ಟಿಗೆ ಕೊಟ್ಟು ಹತೋಟಿಗೆ ತಂದ. 1907ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿ, 1909ರ ಫೆಬ್ರವರಿಯಲ್ಲಿ ಅಮೆರಿಕದ ರಸಾಯನಶಾಸ್ತ್ರ ಸಂಘದ ಮುಂದೆ ಅದನ್ನು ಸಾರಿದ. ಅದಕ್ಕೆ ಇಟ್ಟ ಹೆಸರು ಬೇಕಲೈಟ್.

ಬೇಕಲಂಡ್ ತನ್ನ ರಾಳಕ್ಕೆ ಮೂರು ಅವಸ್ಥೆಗಳನ್ನು ಗುರುತಿಸಿ ಎ, ಬಿ, ಸಿ ಎಂದು ಕರೆದ. ಕುಂಬಾರರ ಮನೆಯ ಮಾತಿನಲ್ಲಿ ಹೇಳುವುದಾದರೆ ಎ ಎಂದರೆ ಕಲಸಿದ ಮಣ್ಣು, ಬಿ ಎಂದರೆ ಒಣಗಿಸಿದ ಹಸಿ ಮಡಕೆ, ಸಿ ಎಂದರೆ ಆವಿಗೆಯಲ್ಲಿ ಬೆಂದ ಮಡಕೆ. ಹಸಿ ಮಡಕೆಗೆ ನೀರು ಹೊಯ್ದರೆ ಮತ್ತೆ ಮಣ್ಣಾಗುತ್ತದೆ. ಬೆಂದದ್ದು ಮಣ್ಣಿಗೆ ಮರಳುವುದಿಲ್ಲ. ಇಂದಿಗೂ ಪಿಸಿಬಿ ಕಾರ್ಖಾನೆಗಳಲ್ಲಿ ಅಂಟು ಹೀರಿ ಅರ್ಧ ಬೆಂದ ಗಾಜಿನ ಬಟ್ಟೆಯನ್ನು 'ಬಿ ಸ್ಟೇಜ್' ಎಂದೇ ಕರೆಯುತ್ತಾರೆ. ಬೇಕಲೈಟಿನ ಅಂಟು ಹೋಗಿ ಬೇರೆ ಅಂಟು ಬಂದರೂ ಆತ ಕೊಟ್ಟ ಅಕ್ಷರ ಉಳಿದುಕೊಂಡಿದೆ. ಅರಗಿಗೂ ಬೇಕಲೈಟಿಗೂ ಇರುವ ಮುಖ್ಯ ವ್ಯತ್ಯಾಸವೂ ಇದೇ. ಅರಗು ಎಷ್ಟು ಸಲ ಬೇಕಾದರೂ ಕರಗುತ್ತದೆ. ಬೇಕಲೈಟ್ ಒಮ್ಮೆ ಬೆಂದರೆ ಮುಗಿಯಿತು. ಬಿಸಿ ಕೊಟ್ಟರೆ ಕರಗದು, ಹೆಚ್ಚು ಕೊಟ್ಟರೆ ಕರಿದಾಗುತ್ತದೆ. ಆ ಕಾಲದ ಎಂಜಿನಿಯರುಗಳಿಗೆ ಬೇಕಾಗಿದ್ದದ್ದು ಈ ಹಟಮಾರಿ ಗುಣವೇ.

ಇನ್ನು ಕಲ್ಲಿನ ಮಾತು. ನಮ್ಮಲ್ಲಿ ಕಾಗೆಬಂಗಾರ ಎಂದು ಕರೆಯುವ ಅಭ್ರಕ ಪ್ರಕೃತಿಯೇ ಮಾಡಿಟ್ಟ ಪದರಹಲಗೆ. ಉಗುರಿನಿಂದ ಹಾಳೆ ಹಾಳೆಯಾಗಿ ಬಿಡಿಸಬಹುದು. ಬೆಂಕಿಗೆ ಅಂಜುವುದಿಲ್ಲ, ವಿದ್ಯುತ್ತನ್ನು ಬಿಡುವುದಿಲ್ಲ. ಡೈನಮೋ, ಮೋಟಾರುಗಳಲ್ಲಿ ತಾಮ್ರದ ಪಟ್ಟಿಗಳ ನಡುವೆ ಇಡಲು ಇದಕ್ಕಿಂತ ಒಳ್ಳೆಯದು ಇರಲಿಲ್ಲ. ಜಗತ್ತಿಗೆ ಹಾಳೆ ಅಭ್ರಕ ಒದಗಿಸುತ್ತಿದ್ದ ದೊಡ್ಡ ನೆಲೆ ಇಂದಿನ ಝಾರ್ಖಂಡಿನ ಕೊಡರ್ಮಾ, ದಕ್ಷಿಣದಲ್ಲಿ ನೆಲ್ಲೂರು. ಅಗೆದು ತಂದ ಕಲ್ಲನ್ನು ಕುಡುಗೋಲಿನಂಥ ಕತ್ತಿಯಲ್ಲಿ ಸೀಳಿ, ಹಾಳೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಕೆಲಸದಲ್ಲಿ ಹೆಂಗಸರೂ ಮಕ್ಕಳೂ ಇದ್ದರು. ಅರಗು, ಅಭ್ರಕ ಎರಡೂ ಹೆಚ್ಚಾಗಿ ಒಂದೇ ಪ್ರಸ್ಥಭೂಮಿಯಿಂದ, ಒಂದೇ ಬಗೆಯ ಬಡವರ ಕೈಯಿಂದ ಹಡಗು ಹತ್ತುತ್ತಿದ್ದವು ಎಂಬುದನ್ನು ನಾವು ನೆನಪಿಡಬೇಕು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿದ್ದ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿ ಡೇನಿಯಲ್ ಓಕಾನರ್, ಹರ್ಬರ್ಟ್ ಫೇಬರ್ ಎಂಬ ಇಬ್ಬರು ಎಳೆಯ ಎಂಜಿನಿಯರುಗಳಿದ್ದರು. ಬೇಕಲೈಟ್ ರಾಳ ಬಳಿದ ಕಾಗದವನ್ನು ಉರುಳೆಗೆ ಸುತ್ತಿ, ಸೀಳಿ, ಬಿಡಿಸಿ, ಬಿಸಿ ಒತ್ತಡದಲ್ಲಿ ಚಪ್ಪಟೆಯಾಗಿ ಅದುಮಿದರೆ ಗಟ್ಟಿ ಹಲಗೆಯಾಗುತ್ತದೆ ಎಂದು ಓಕಾನರ್ ಕಂಡುಕೊಂಡ. 1913ರ ಫೆಬ್ರವರಿಯಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಬಿತ್ತು, ಹಕ್ಕು ಕಂಪನಿಯದಾಯಿತು. ಅದೇ ವರ್ಷ ಇಬ್ಬರೂ ಕೆಲಸ ಬಿಟ್ಟು ಸಿನ್ಸಿನಾಟಿಯಲ್ಲಿ ತಮ್ಮದೇ ಕಾರ್ಖಾನೆ ತೆರೆದರು. ಇಂಗ್ಲಿಷಿನಲ್ಲಿ 'ಫಾರ್ ಮೈಕಾ' ಎಂದರೆ ಅಭ್ರಕದ ಬದಲಿಗೆ. ಆ ಎರಡು ಪದ ಕೂಡಿ ಹುಟ್ಟಿದ ಹೆಸರೇ ಫಾರ್ಮೈಕಾ. ಮೇಜಿನ ಮೇಲೆ ಅಂಟಿಸುವ ಹಾಳೆಗೆ ನಮ್ಮ ಬಡಗಿಗಳು ಇವತ್ತಿಗೂ ಸನ್‌ಮೈಕಾ ಎನ್ನುತ್ತಾರಲ್ಲ, ಅದರಲ್ಲಿರುವ ಮೈಕಾ ಇದೇ. ಅದರೊಳಗೆ ಅಭ್ರಕದ ಚೂರೂ ಇಲ್ಲ. ಕೊಡರ್ಮಾದ ಕಲ್ಲು ಹೋಗಿ ಹೆಸರು ಮಾತ್ರ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ಉಳಿದಿದೆ. ಹಾಗೆ ನೋಡಿದರೆ ಬೇಕಲೈಟ್ ಕಾಗದದ ಹಲಗೆ ಎರಡು ಬದಲಿಗಳ ಕೂಸು: ಅಂಟು ಅರಗಿನ ಬದಲಿ, ಹಾಳೆ ಅಭ್ರಕದ ಬದಲಿ.

1920ರ ದಶಕದಲ್ಲಿ ರೇಡಿಯೋ ಹುಚ್ಚು ಹಬ್ಬಿದಾಗ ಈ ಹಲಗೆ ರೇಡಿಯೋಗಳ ಮುಖಫಲಕವಾಯಿತು. ಒಳಗಿನ ಜೋಡಣೆ ಮಾತ್ರ ಇನ್ನೂ ಕೈಕೆಲಸ. ಒಂದೊಂದು ತಂತಿಯನ್ನೂ ಅಳೆದು, ಕತ್ತರಿಸಿ, ಬಾಗಿಸಿ, ಬೆಸುಗೆ ಹಾಕಬೇಕು. ಒಂದು ತಪ್ಪಿದರೆ ರೇಡಿಯೋ ಮೂಕ. ಇದನ್ನು ಬದಲಿಸಲು ಹೊರಟವನು ಪಾಲ್ ಐಸ್ಲರ್. 1907ರಲ್ಲಿ, ಬೇಕಲೈಟ್ ಪೇಟೆಂಟಿನ ಅರ್ಜಿ ಬಿದ್ದ ವರ್ಷವೇ, ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ಎಂಜಿನಿಯರಿಂಗ್ ಓದಿಯೂ ಊರಿನಲ್ಲಿ ತಕ್ಕ ಕೆಲಸ ಸಿಗದೆ ಪತ್ರಿಕೆ, ಮುದ್ರಣದ ಲೋಕದಲ್ಲಿ ದುಡಿದ. ಆಸ್ಟ್ರಿಯಾದಲ್ಲಿ ಯಹೂದಿಗಳಿಗೆ ಕಾಲ ಕೆಡುತ್ತಿದ್ದಾಗ 1936ರಲ್ಲಿ ಇಂಗ್ಲೆಂಡಿಗೆ ಹೋದ. ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನ ಬಾಡಿಗೆ ಕೋಣೆಯಲ್ಲಿ ಕುಳಿತು, ಮುದ್ರಣಾಲಯದಲ್ಲಿ ಅಕ್ಷರ ಮೂಡಿಸುವ ಹಾಗೆ ತಂತಿಗಳನ್ನೂ ಮೂಡಿಸಬಹುದೆಂದು ಯೋಚಿಸಿ ರೇಡಿಯೋ ಒಂದನ್ನು ಕಟ್ಟಿದ.

ಐಸ್ಲರನ ಉಪಾಯ ಸರಳ. ಹಲಗೆಗೆ ಲೋಹದ ಹಾಳೆ ಅಂಟಿಸು, ಬೇಕಾದ ಗೆರೆಗಳ ಮೇಲೆ ಆಮ್ಲ ತಾಕದ ಶಾಯಿಯನ್ನು ಅಚ್ಚು ಹಾಕು, ಉಳಿದದ್ದನ್ನು ಕರಗಿಸು. ಆತ ಇದನ್ನು ತೋರಿಸಿದ ಕಂಪನಿಯೊಂದು, ತಂತಿ ಬೆಸೆಯುವ ಹುಡುಗಿಯರ ಕೂಲಿ ಇದಕ್ಕಿಂತ ಅಗ್ಗವೆಂದು ಬೇಡವೆಂದಿತಂತೆ. ಯುದ್ಧ ಶುರುವಾದಾಗ ಶತ್ರುದೇಶದವನೆಂದು ಅವನನ್ನೇ ಬಂಧನದ ಶಿಬಿರದಲ್ಲಿಟ್ಟರು. 1941ರಲ್ಲಿ ಬಿಡುಗಡೆಯಾದ ಮೇಲೆ ಲಂಡನ್ನಿನ ಹೆಂಡರ್ಸನ್ ಅಂಡ್ ಸ್ಪಾಲ್ಡಿಂಗ್ ಎಂಬ ಮುದ್ರಣ ಸಂಸ್ಥೆ ಅವನಿಗೆ ಜಾಗ ಕೊಟ್ಟಿತು. 1943ರ ಫೆಬ್ರವರಿಯಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ. ಸಾಹಿತ್ಯದ ಓದುಗರಿಗೆ ಇಲ್ಲಿ ಒಂದು ಸಂತೋಷದ ಸಂಗತಿಯಿದೆ. ಪಿಸಿಬಿಯಲ್ಲಿರುವ 'ಪ್ರಿಂಟೆಡ್' ಎಂಬ ಪದ ಅಲಂಕಾರವಲ್ಲ. ಪುಸ್ತಕ ಅಚ್ಚಾದ ಮನೆಯಲ್ಲೇ ಸರ್ಕ್ಯೂಟೂ ಅಚ್ಚಾಯಿತು.

ಯುದ್ಧ ಮುಗಿದ ಮೇಲೆ ತಾಮ್ರ ಹೊದಿಸಿದ ಬೇಕಲೈಟ್ ಕಾಗದದ ಹಲಗೆ ಮನೆಮನೆಗೆ ಬಂತು. 1954ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೇಬಿನ ಟ್ರಾನ್ಸಿಸ್ಟರ್ ರೇಡಿಯೋ ರೀಜೆನ್ಸಿ ಟಿಆರ್-1ರ ಒಳಗೂ ಇದ್ದದ್ದು ಅಚ್ಚುಹಾಕಿದ ಸರ್ಕ್ಯೂಟೇ. ಕಾಗದದ ಹಲಗೆಗಳಿಗೆ ಎಕ್ಸ್, ಡಬಲ್ ಎಕ್ಸ್, ಟ್ರಿಪಲ್ ಎಕ್ಸ್ ಎಂಬ ದರ್ಜೆಗಳಿದ್ದವು. ಎಕ್ಸ್ ಹೆಚ್ಚಾದಷ್ಟೂ ಅಂಟಿನ ಪಾಲು ಹೆಚ್ಚು, ತೇವ ಹೀರುವುದು ಕಡಿಮೆ. ಪಕ್ಕದಲ್ಲಿ ಪಿ ಎಂದಿದ್ದರೆ ಅಚ್ಚಿನಿಂದ ಗುದ್ದಿ ರಂಧ್ರ ಮಾಡಬಹುದೆಂದು ಅರ್ಥ. ಒಂದೇ ಏಟಿಗೆ ನೂರಾರು ರಂಧ್ರ ಬೀಳುವುದರಿಂದ ಅದು ಅಗ್ಗ; ರಿಮೋಟುಗಳಲ್ಲಿ ಇನ್ನೂ ಉಳಿದಿರುವುದಕ್ಕೆ ಕಾರಣವೂ ಅದೇ. ಆದರೆ ಒಳಗಿರುವುದು ಕಾಗದ ತಾನೇ? ಮಳೆಗಾಲದಲ್ಲಿ ತೇವ ಹೀರುತ್ತದೆ, ಬಿಸಿಗೆ ಬಾಗುತ್ತದೆ. ಬಿಸಿಯೇರುವ ಬಿಡಿಭಾಗದ ಕೆಳಗೆ ಸೀದು ಕರಿಯಾದರೆ ಆ ಕರಿಯೇ ಇಂಗಾಲ, ವಿದ್ಯುತ್ ಅದರಲ್ಲೇ ದಾರಿ ಹುಡುಕಿಕೊಳ್ಳುತ್ತದೆ. ಹಳೆಯ ಟೀವಿ ರಿಪೇರಿ ಮಾಡುವವರು ಆ ಕರಿಯನ್ನು ಕೆರೆದು ಕೆರೆದು ತೆಗೆಯುತ್ತಿದ್ದದ್ದು ಇದಕ್ಕಾಗಿಯೇ.

ಕಾಗದದ ಜಾಗಕ್ಕೆ ಬಂದದ್ದು ಗಾಜು. 1932ರಲ್ಲಿ ಅಮೆರಿಕದ ಓವೆನ್ಸ್-ಇಲಿನಾಯ್ ಕಂಪನಿಯಲ್ಲಿ ಡೇಲ್ ಕ್ಲೈಸ್ಟ್ ಎಂಬ ಯುವಕ ಗಾಜಿನ ಇಟ್ಟಿಗೆಗಳನ್ನು ಬೆಸೆಯಲು ಯತ್ನಿಸುತ್ತಿದ್ದ. ಕರಗಿದ ಗಾಜಿನ ಮೇಲೆ ಹಾಯಿಸಿದ ಗಾಳಿಯ ರಭಸಕ್ಕೆ ಗಾಜು ನೂಲುನೂಲಾಗಿ ಹಾರಿತು. ಬೇಡದೆ ಸಿಕ್ಕಿದ ಆ ನೂಲನ್ನು ಬೇಕೆಂದು ಮಾಡುವ ದಾರಿ ಕಂಡುಕೊಂಡರು. ಮುಂದೆ ವಿದ್ಯುತ್ ಕೆಲಸಕ್ಕೆಂದೇ ಬೇರೆ ಹದದ ಗಾಜು ಬಂತು. ಅದರ ಹೆಸರು ಇ-ಗ್ಲಾಸ್. ಈ ನೂಲನ್ನು ಮಗ್ಗದಲ್ಲಿ ನೇಯುತ್ತಾರೆ. ನಮ್ಮ ನೇಕಾರರು ಹಾಸಿಗೆ ಗಂಜಿ ಹಾಕುವಂತೆಯೇ ಗಾಜಿನ ನೂಲಿಗೂ ನೇಯುವಾಗ ಕಡಿಯದಿರಲೆಂದು ಗಂಜಿಯನ್ನೇ ಹಾಕುತ್ತಾರೆ. ನೇಯ್ದ ಮೇಲೆ ಕುಲುಮೆಯಲ್ಲಿ ಅದನ್ನು ಸುಟ್ಟು ಕಳೆದು, ಗಾಜಿಗೂ ಅಂಟಿಗೂ ನಂಟು ಬೆಸೆಯುವ ಸೈಲೇನ್ ಎಂಬ ಲೇಪ ಕೊಡುತ್ತಾರೆ. ಈ ಬಟ್ಟೆಯ ಏಳೆಂಟು ಪದರ ಕೂಡಿದರೆ 1.6 ಮಿಲಿಮೀಟರ್ ದಪ್ಪದ ಹಲಗೆ. ಕಂಪ್ಯೂಟರಿನೊಳಗೆ ಹಾಸುಹೊಕ್ಕಿನ ಬಟ್ಟೆಯೊಂದಿದೆ ಎಂದು ಹೇಳಿದರೆ ನನ್ನ ನೇಕಾರ ಗೆಳೆಯರು ಮೊದಲು ನಂಬಲಿಲ್ಲ.

ಅಂಟೂ ಬದಲಾಯಿತು. ಸ್ವಿಟ್ಜರ್‌ಲೆಂಡಿನ ಪಿಯೆರ್ ಕಾಸ್ಟಾನ್, ಅಮೆರಿಕದ ಸಿಲ್ವನ್ ಗ್ರೀನ್‌ಲೀ ಬೇರೆಬೇರೆಯಾಗಿ ರೂಪಿಸಿದ ಎಪಾಕ್ಸಿ ರಾಳ ಯುದ್ಧಾನಂತರ ಮಾರುಕಟ್ಟೆಗೆ ಬಂತು. ನಮ್ಮ ಹಾರ್ಡ್‌ವೇರ್ ಅಂಗಡಿಯ ಅರಾಲ್ಡೈಟ್ ಅದೇ ವಂಶದ್ದು. ಗಾಜಿನ ಬಟ್ಟೆ, ಎಪಾಕ್ಸಿ ಕೂಡಿ ಜಿ-10 ಎಂಬ ಹಲಗೆಯಾಯಿತು. ತೇವ ಹೀರದು, ಬಾಗದು, ರಂಧ್ರದೊಳಗೆ ತಾಮ್ರ ಲೇಪಿಸಿದರೆ ಹಿಡಿದುಕೊಳ್ಳುತ್ತದೆ. ಅದರಿಂದಲೇ ಮಹಡಿಯ ಮೇಲೆ ಮಹಡಿಯಂತೆ ಹಲವು ಪದರಗಳ ಬೋರ್ಡು ಸಾಧ್ಯವಾದದ್ದು. ಒಂದೇ ಕೊರತೆ: ಬೆಂಕಿ ತಗುಲಿದರೆ ಉರಿಯುತ್ತದೆ.

ಬೆಂಕಿಯ ಮಾತು ಬಂದಾಗ ಕನ್ನಡದ ಓದುಗರಿಗೆ ವಾರಣಾವತದ ಅರಗಿನ ಮನೆ ನೆನಪಾಗದೆ ಇರದು. ಹೊರಗೆ ಅರಮನೆ, ಗೋಡೆಯೊಳಗೆ ಅರಗು. ಪುರೋಚನನಿಗೆ ಬೇಕಾದದ್ದು ಒಂದು ಕಿಡಿ. ಹೊರಗೆ ಚೆಂದದ ಪೆಟ್ಟಿಗೆ, ಒಳಗೆ ಉರಿಯುವ ಹಲಗೆ, ಪಕ್ಕದಲ್ಲೇ ಬಿಸಿಯಾಗುವ ಬಿಡಿಭಾಗಗಳಿದ್ದ ಯಂತ್ರಗಳೂ ಒಂದು ಬಗೆಯ ಅರಗಿನ ಮನೆಗಳೇ ಆಗಿದ್ದವು. ಅಮೆರಿಕದ ವಿದ್ಯುತ್ ಉಪಕರಣ ತಯಾರಕರ ಸಂಘ 1968ರಲ್ಲಿ ಎಫ್‌ಆರ್-4 ಎಂಬ ದರ್ಜೆಯನ್ನು ಹೆಸರಿಸಿತು. ಎಫ್‌ಆರ್ ಎಂದರೆ ಜ್ವಾಲೆಯನ್ನು ತಡೆಯುವಂಥದ್ದು. ಎಫ್‌ಆರ್-1, 2 ಕಾಗದ ಮತ್ತು ಫೀನಾಲಿನ ಹಲಗೆಗಳು. ಎಫ್‌ಆರ್-3 ಕಾಗದ ಮತ್ತು ಎಪಾಕ್ಸಿಯದು. ಎಫ್‌ಆರ್-4 ಗಾಜಿನ ಬಟ್ಟೆ ಮತ್ತು ಎಪಾಕ್ಸಿಯದು. ಕಾಗದಕ್ಕೂ ಗಾಜಿಗೂ ನಡುವೆ, ಎರಡನ್ನೂ ಬೆರೆಸಿದ ಸಿಇಎಂ-1 ಎಂಬ ಮಿಶ್ರ ಹಲಗೆಯೂ ಬಂತು. ತಡೆಯುವ ಕೆಲಸ ಬ್ರೋಮಿನ್‌ನದು. ಅಂಟಿನ ತೂಕದ ಸುಮಾರು ಐದನೇ ಒಂದು ಭಾಗ ಬ್ರೋಮಿನ್ ಅಣುಗಳೊಳಗೇ ಹೆಣೆದುಕೊಂಡಿರುತ್ತದೆ. ಬಿಸಿ ಏರಿದಾಗ ಅದು ಅನಿಲವಾಗಿ ಹೊರಬಂದು ಜ್ವಾಲೆಯ ಸರಪಳಿ ಕ್ರಿಯೆಯನ್ನು ಕಡಿಯುತ್ತದೆ. ವಿ-0 ಎಂಬ ಪರೀಕ್ಷೆಯಲ್ಲಿ ತೂಗುಹಾಕಿದ ಪಟ್ಟಿಗೆ ಬೆಂಕಿ ಹಿಡಿದು ತೆಗೆದರೆ 10 ಸೆಕೆಂಡಿನೊಳಗೆ ತಾನೇ ಆರಬೇಕು, ಉರಿಯುವ ಹನಿ ಕೆಳಗೆ ಬೀಳಬಾರದು. ನಾವು ಜೇಬಿನಲ್ಲಿ, ದಿಂಬಿನ ಪಕ್ಕದಲ್ಲಿ ಯಂತ್ರಗಳನ್ನು ಇಟ್ಟುಕೊಂಡು ನೆಮ್ಮದಿಯಾಗಿ ನಿದ್ದೆ ಮಾಡುವುದರಲ್ಲಿ ಈ 10 ಸೆಕೆಂಡಿನ ಪಾಲೂ ಇದೆ.

ಎಫ್‌ಆರ್-4ಕ್ಕೂ ಅದರದೇ ಮಿತಿಗಳಿವೆ. ಸಾಮಾನ್ಯ ದರ್ಜೆಯದು ಸುಮಾರು 130ರಿಂದ 140 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೆತ್ತಗಾಗುತ್ತದೆ. ಉದ್ದಗಲಕ್ಕೆ ಗಾಜಿನ ನೂಲು ಹಿಡಿದಿರುವುದರಿಂದ ಹಿಗ್ಗುವುದು ಕಡಿಮೆ. ದಪ್ಪದ ದಿಕ್ಕಿನಲ್ಲಿ ಹಿಡಿಯುವವರಿಲ್ಲ, ತಾಮ್ರಕ್ಕಿಂತ ಹಲವು ಪಟ್ಟು ಹಿಗ್ಗುತ್ತದೆ. ಆಗ ರಂಧ್ರದೊಳಗಿನ ತೆಳು ತಾಮ್ರದ ಕೊಳವೆ ಬಿರುಕು ಬಿಡುತ್ತದೆ. ಯುರೋಪಿನಲ್ಲಿ 2006ರ ಜುಲೈ 1ರಿಂದ ಬೆಸುಗೆಯಲ್ಲಿ ಸೀಸ ನಿಷೇಧವಾದಾಗ ಈ ತೊಂದರೆ ಎದ್ದು ಕಂಡಿತು. ಸೀಸವಿದ್ದ ಬೆಸುಗೆ 183 ಡಿಗ್ರಿಯಲ್ಲಿ ಕರಗುತ್ತಿತ್ತು, ಸೀಸವಿಲ್ಲದ್ದಕ್ಕೆ ಸುಮಾರು 217 ಬೇಕು. ಮೂವತ್ತನಾಲ್ಕು ಡಿಗ್ರಿ ಹೆಚ್ಚಾದದ್ದಕ್ಕೆ ಹಲಗೆಗಳ ಪದರ ಬಿಟ್ಟುಕೊಂಡವು, ಅಂಟಿನ ಪಾಕವನ್ನೇ ಬದಲಿಸಬೇಕಾಯಿತು.

ವೇಗ ಇನ್ನೊಂದು ಮಿತಿ. ಬೆಳಕು ಒಂದು ನ್ಯಾನೊಸೆಕೆಂಡಿನಲ್ಲಿ 30 ಸೆಂಟಿಮೀಟರ್ ಹೋಗುತ್ತದೆ. ಎಫ್‌ಆರ್-4 ಹಲಗೆಯ ಮೇಲಿನ ಸಂಕೇತ ಸುಮಾರು ಅದರ ಅರ್ಧ ಸಾಗುತ್ತದೆ, ದಾರಿಯುದ್ದಕ್ಕೂ ಸೊರಗುತ್ತದೆ. ಗಾಜಿನ ನೂಲಿನ ಮೇಲೆ ಸಾಗುವ ಸಂಕೇತಕ್ಕೂ ಬರಿಯ ಅಂಟಿನ ಮೇಲೆ ಸಾಗುವುದಕ್ಕೂ ವೇಗದಲ್ಲಿ ವ್ಯತ್ಯಾಸ. ಜೋಡಿ ಗೆರೆಗಳು ಒಟ್ಟಿಗೆ ಹೊರಟು ಹಿಂದೆಮುಂದೆ ತಲುಪಬಾರದೆಂದು ವಿನ್ಯಾಸಕಾರರು ನೇಯ್ಗೆಗೆ ಓರೆಯಾಗಿ ಗೆರೆ ಎಳೆಯುತ್ತಾರೆ. ರಾಡಾರು, ಉಪಗ್ರಹಗಳಿಗೆ ಇದೂ ಸಾಲದು. ಅಲ್ಲಿ ಬೇಕಾದದ್ದು ರಾಯ್ ಪ್ಲಂಕೆಟ್ 1938ರ ಏಪ್ರಿಲ್ 6ರಂದು ಶೀತಕ ಅನಿಲದ ಸಿಲಿಂಡರಿನೊಳಗೆ ಆಕಸ್ಮಿಕವಾಗಿ ಕಂಡ ಬಿಳಿ ಪುಡಿ, ಟೆಫ್ಲಾನ್. ದೋಸೆ ಕಾವಲಿಗೆ ಏನೂ ಅಂಟಬಾರದೆಂದು ಬಳಿಯುವ ಅದಕ್ಕೆ ತಾಮ್ರ ಅಂಟಿಸುವುದೇ ದೊಡ್ಡ ಸಾಹಸ. ಮಡಚಬೇಕಾದ ಕಡೆ ಪಾಲಿಇಮೈಡ್ ಎಂಬ ಜೇನುಬಣ್ಣದ ಹಾಳೆ. ಬಿಸಿ ಹೊರಹಾಕಬೇಕಾದ ಎಲ್‌ಇಡಿ ಬಲ್ಬಿನಲ್ಲಿ ಅಲ್ಯುಮಿನಿಯಂ. ಹೀಗೆ ಒಂದೊಂದು ಕಷ್ಟಕ್ಕೆ ಒಂದೊಂದು ಹಲಗೆ. ಆದರೂ ಲೋಕದ ಹೆಚ್ಚಿನ ಭಾರ ಹೊತ್ತಿರುವುದು ಈಗಲೂ ಎಫ್‌ಆರ್-4.

ಇಲ್ಲಿಗೆ ಕತೆ ಮುಗಿದಿದ್ದರೆ ಇದು ಗೆಲುವಿನ ಕತೆಯಾಗುತ್ತಿತ್ತು. ಬೆಂಗಳೂರಿನ ಹಳೆಯ ಪೇಟೆಯ ಸಂದಿಯೊಂದರಲ್ಲಿ ನಾನು ಕಂಡದ್ದನ್ನು ಹೇಳಬೇಕು. ಕಬ್ಬಿಣದ ಕಾವಲಿಯ ಮೇಲೆ ಹಸಿರು ಬೋರ್ಡನ್ನು ಕವುಚಿ ಹಾಕಿ, ಬೆಸುಗೆ ಕರಗುತ್ತಲೇ ಇಕ್ಕಳದಲ್ಲಿ ಚಿಪ್ಪುಗಳನ್ನು ಕೀಳುತ್ತಿದ್ದರು. ಕಾವಲಿಯಿಂದ ಏಳುವ ಹೊಗೆಗೆ ಕಣ್ಣು ಉರಿಯುತ್ತಿತ್ತು. ಕೆಲಸಗಾರನ ಮೂಗಿಗೆ ಒಂದು ಕರವಸ್ತ್ರ. "ಅಣ್ಣಾ, ಇದರ ಹೊಗೆ ಕೆಟ್ಟದ್ದಲ್ವಾ?" ಎಂದೆ. "ಅಭ್ಯಾಸ ಆಗೋಗಿದೆ ಸಾರ್," ಎಂದ. ಉತ್ತರ ಪ್ರದೇಶದ ಮೊರಾದಾಬಾದಿನಲ್ಲಿ ರಾಮಗಂಗಾ ದಂಡೆಯ ಮೇಲೆ ಬೋರ್ಡುಗಳನ್ನು ಸುಟ್ಟು, ಬೂದಿ ತೊಳೆದು ತಾಮ್ರ ಆಯುತ್ತಿದ್ದದ್ದು ವರ್ಷಗಳಿಂದ ವರದಿಯಾಗಿದೆ. ಉರಿಯಬಾರದೆಂದು ಬೆರೆಸಿದ ಬ್ರೋಮಿನ್ ಬಯಲು ಬೆಂಕಿಯಲ್ಲಿ ಬಲವಂತವಾಗಿ ಉರಿದಾಗ ಡಯಾಕ್ಸಿನ್ ಜಾತಿಯ ವಿಷಗಳಾಗುತ್ತದೆ. ಕರಗಬಾರದೆಂದು ಬೇಯಿಸಿದ ಅಂಟನ್ನು ಕರಗಿಸಿ ಬೇರೆ ಮಾಡಲಾಗದ್ದರಿಂದಲೇ ಸುಡುವುದು. ನಮ್ಮ ದೇಶದ ಇ-ತ್ಯಾಜ್ಯದ ನಿಯಮಗಳು 2012ರ ಮೇ ತಿಂಗಳಿಂದ ಜಾರಿಯಲ್ಲಿವೆ. ಕಾವಲಿಗಳೂ ಬಿಸಿಯಾಗುತ್ತಲೇ ಇವೆ.

ನನ್ನನ್ನು ಕಾಡುವುದು ಈ ಸುತ್ತು. ಛೋಟಾನಾಗಪುರದ ಕಾಡಿನಲ್ಲಿ ಅರಗು ಕೆರೆದ, ಅಭ್ರಕ ಸೀಳಿದ ಕೈಗಳಿಗೆ ಬದಲಿಯಾಗಿ ಹುಟ್ಟಿದ ವಸ್ತು, ಲೋಕವೆಲ್ಲ ತಿರುಗಿ, ತನ್ನ ಕೆಲಸ ಮುಗಿಸಿ, ಕೊನೆಗೆ ಅಂಥವೇ ಕೈಗಳಿಗೆ ಬಂದು ಬಿದ್ದಿದೆ. ಆಗ ಅವರು ಕೊಟ್ಟದ್ದಕ್ಕೆ ಕೂಲಿಯಾದರೂ ಇತ್ತು, ಅದರಿಂದ ಯಾರ ಉಸಿರೂ ಕೆಡುತ್ತಿರಲಿಲ್ಲ ಎನ್ನಲು ನನಗೆ ಧೈರ್ಯವಿಲ್ಲ. ಅಭ್ರಕದ ದೂಳಿಗೂ ಶ್ವಾಸಕೋಶಗಳು ಬಲಿಯಾಗಿವೆ. ಬದಲಿ ವಸ್ತು ಬಂದಾಗ ಭಾರವೂ ಬದಲಾಯಿತು ಎಂದು ನಾವು ಅಂದುಕೊಳ್ಳುತ್ತೇವೆ. ಭಾರ ಹೊರುವವರು ಬದಲಾಗಲಿಲ್ಲ.

ಬ್ರೋಮಿನ್ ಬಿಟ್ಟು ರಂಜಕದಿಂದ ಬೆಂಕಿ ತಡೆಯುವ ಹಲಗೆಗಳು ಈಗ ಬಂದಿವೆ. ಬ್ರಿಟನ್ನಿನ ಕಂಪನಿಯೊಂದು ಸಸ್ಯದ ನಾರು ಮತ್ತು ಬಿಸಿ ನೀರಿನಲ್ಲಿ ಬಿಡುವ ಅಂಟಿನಿಂದ ಹಲಗೆ ಮಾಡಿದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ವಿಟ್ರಿಮರ್ ಎಂಬ ಅಂಟಿನ ಹಲಗೆಯನ್ನು ತೋರಿಸಿದರು. ತಕ್ಕ ದ್ರವದಲ್ಲಿ ಅದು ಉಬ್ಬಿ, ಗಾಜಿನ ಬಟ್ಟೆ, ತಾಮ್ರ, ಅಂಟು ಮೂರನ್ನೂ ಬಿಟ್ಟುಕೊಡುತ್ತದೆ. ಇವೆಲ್ಲ ಎಫ್‌ಆರ್-4ರ ಜಾಗ ಹಿಡಿಯಲು ಇನ್ನೂ ಬಹಳ ದೂರ ಸಾಗಬೇಕು. ಆದರೆ ಹುಡುಕಾಟದ ದಿಕ್ಕು ಗಮನಿಸುವಂಥದ್ದು. ಬೇಕಲಂಡ್ ಕರಗದ ಅರಗನ್ನು ಹುಡುಕಿದ. ನೂರು ವರ್ಷಗಳ ಮೇಲೆ ಅವನ ಮೊಮ್ಮಕ್ಕಳ ಮೊಮ್ಮಕ್ಕಳು ಕರಗುವ ಬೇಕಲೈಟನ್ನು ಹುಡುಕುತ್ತಿದ್ದಾರೆ. ಕನ್ನಡದಲ್ಲಿ ಅರಗು ಎಂಬುದು ಆ ರಾಳದ ಹೆಸರೂ ಹೌದು, ತಿಂದದ್ದು ಜೀರ್ಣವಾಗುವುದಕ್ಕೆ ಹೇಳುವ ಕ್ರಿಯಾಪದವೂ ಹೌದು. ಹಸಿರು ಹಲಗೆಯಲ್ಲಿ ನಾವು ಎಲ್ಲವನ್ನೂ ಸಾಧಿಸಿದೆವು. ಅದು ಭೂಮಿಗೆ ಅರಗುವುದೊಂದು ಬಾಕಿ ಇದೆ.